ನೀರು ಬಿಡಿ, ಗೋಡೆ ನೋಡಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ಕುದಿತ ಮತ್ತು ಸಾಂದ್ರೀಕರಣ, ಅಂದರೆ ನೀರು ಆವಿಯಾಗುವುದು, ಆವಿ ಮತ್ತೆ ನೀರಾಗುವುದು. ನಾನು ಬಂದಿರುವುದು ಸ್ವಲ್ಪ ಜಗಳ ಆಡಲು.

ನನ್ನ ಕೈಗೆ ಬರುವ ಎಷ್ಟೋ ಪ್ರಬಂಧಗಳಲ್ಲಿ ದ್ರವದ ಬಗ್ಗೆ ಪುಟಗಟ್ಟಲೆ ಇರುತ್ತದೆ. ದ್ರವ ತಾಗುವ ಮೇಲ್ಮೈ, ಅಂದರೆ ಗೋಡೆಯ ಬಗ್ಗೆ? 'ತಾಮ್ರದ ತಟ್ಟೆ ಬಳಸಲಾಯಿತು.' ಅಷ್ಟೇ! ಯಾವ ಎಮರಿ ಪೇಪರಿನಲ್ಲಿ ಉಜ್ಜಿದ್ದು, ಅದರ ಮೇಲೆ ಮೊದಲು ಎಷ್ಟು ಸಲ ಕುದಿಸಿದ್ದು, ಸುದ್ದಿಯೇ ಇಲ್ಲ. ಗುಳ್ಳೆ ಹುಟ್ಟುವುದೇ ಗೋಡೆಯ ಸಣ್ಣ ಗುಳಿಗಳಲ್ಲಿ, ಅಲ್ವಾ? ಅಲ್ಲಿ ಸಿಕ್ಕಿಕೊಂಡ ಗಾಳಿ, ಆವಿಯೇ ಅದಕ್ಕೆ ಬೀಜ.

ಕುದಿಯುವಾಗ ಗೋಡೆಯಿಂದ ದ್ರವಕ್ಕೆ ಎಷ್ಟು ಶಾಖ ಹೋಗುತ್ತದೆ ಎಂದು ಲೆಕ್ಕ ಹಾಕುವ 1952ರ ರೋಸೆನೋ ಸೂತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೇಲ್ಮೈಗೆಂದೇ ಒಂದು ಸ್ಥಿರಾಂಕವಿದೆ. ನೀರು, ನಯಗೊಳಿಸಿದ ತಾಮ್ರ ಆದರೆ 0.0128. ಅದೇ ತಾಮ್ರಕ್ಕೆ ಗೀರು ಹಾಕಿದರೆ 0.0068. ವ್ಯತ್ಯಾಸ ಸಣ್ಣದು ಅನಿಸುತ್ತದೆ. ಆದರೆ ಸೂತ್ರದಲ್ಲಿ ಅದು ಛೇದದಲ್ಲಿ ಕೂತಿದೆ, ಅದೂ ಘನವಾಗಿ. ಗೋಡೆಯ ತಾಪ ಅಷ್ಟೇ ಇದ್ದರೂ ಶಾಖ ಆರು ಪಟ್ಟಿಗಿಂತ ಜಾಸ್ತಿ! ನಾವು ಮಾತ್ರ ಎಲ್ಲದಕ್ಕೂ ಸುಮ್ನೆ 0.013 ಹಾಕಿ ಮುಂದೆ ಹೋಗುತ್ತೇವೆ.

ಕುದಿತದ ಸಂಶೋಧಕ ನುಕಿಯಾಮಾ ಕಥೆ ನಿಮಗೆ ಗೊತ್ತು. ಆದರೂ ಹೇಳುತ್ತೇನೆ, ನನಗೆ ಹೇಳುವ ಖುಷಿ. 1934, ಜಪಾನ್. ನೀರಿನಲ್ಲಿ ಮುಳುಗಿಸಿದ ನಿಕ್ರೋಮ್ ತಂತಿ. ತಂತಿಯೇ ಒಲೆ, ತಂತಿಯೇ ಥರ್ಮಾಮೀಟರ್; ತಾಪ ತಿಳಿಯುವುದು ಅದರ ರೋಧದಿಂದ. ಕರೆಂಟು ಏರಿಸುತ್ತಾ ಹೋದರು. ಗುಳ್ಳೆ ಹೆಚ್ಚಿತು, ಎಲ್ಲ ಚೆನ್ನಾಗಿತ್ತು. ಇನ್ನೊಂದು ಚೂರು ಏರಿಸಿದ್ದೇ ತಡ, ತಂತಿ ಕರಗಿಹೋಯಿತು. ಸುತ್ತಲೂ ನೀರಿದ್ದರೂ! ಆವಿಯ ಹೊದಿಕೆ ತಂತಿಯನ್ನು ಮುಚ್ಚಿತ್ತು. ನಾನಾಗಿದ್ದರೆ ತಂತಿ ಮಾರಿದವರನ್ನು ಬೈಯುತ್ತಿದ್ದೆ. ನುಕಿಯಾಮಾ ಪ್ಲಾಟಿನಮ್ ತಂತಿ ಹಾಕಿದರು. ಅದು ಕರಗುವುದು ಸುಮಾರು 1770 ಡಿಗ್ರಿಯಲ್ಲಿ, ಉಳಿಯಿತು. ಕರೆಂಟು ಇಳಿಸಿದರೆ, ಶಾಖ ಮತ್ತು ತಾಪದ ನಕ್ಷೆಯಲ್ಲಿ ತಂತಿ ಬಂದ ದಾರಿಯಲ್ಲಿ ವಾಪಸ್ ಬರಲಿಲ್ಲ, ಬೇರೆ ದಾರಿ ಹಿಡಿಯಿತು. ಕರೆಂಟಿನ ಬದಲು ತಾಪವನ್ನೇ ಹಿಡಿತದಲ್ಲಿ ಇಟ್ಟರೆ ಆ ಎರಡು ದಾರಿಗಳ ನಡುವೆ ನಕ್ಷೆಯಲ್ಲಿ ಕಾಣದ ಭಾಗ ಸಿಗುತ್ತದೆ ಎಂದು ಅವರು ಊಹಿಸಿದರು. 1937ರಲ್ಲಿ ಡ್ರೂ ಮತ್ತು ಮುಲ್ಲರ್ ಅದನ್ನು ತೋರಿಸಿಯೇಬಿಟ್ಟರು. ಒಂದು ಕರಗಿದ ತಂತಿಯಿಂದ ಎಷ್ಟೆಲ್ಲ!

ಚೀಟಿ ಬಂತು. ಐದು ನಿಮಿಷವಂತೆ. ಪಾಪ, ಸಾಂದ್ರೀಕರಣಕ್ಕೆ ಯಾವಾಗಲೂ ಇದೇ ಗತಿ.

1916ರಲ್ಲಿ ನುಸೆಲ್ಟ್ ಗೋಡೆಯ ಮೇಲೆ ಜಾರುವ ನೀರಿನ ಪದರದ ಲೆಕ್ಕ ಮಾಡಿದರು. ಆ ಪದರವೇ ಶಾಖಕ್ಕೆ ಅಡ್ಡಿ. ಪದರದ ಬದಲು ಹನಿಯಾಗಿ ಉದುರಿದರೆ ಶಾಖ ವರ್ಗಾವಣೆ ಹತ್ತು ಪಟ್ಟಿನವರೆಗೂ ಏರಬಹುದು. 1930ರಿಂದಲೇ ಗೊತ್ತಿರುವ ವಿಷಯ ಇದು. ಮತ್ತೆ ಆವಿಯನ್ನು ನೀರಾಗಿಸುವ ಕಂಡೆನ್ಸರುಗಳಲ್ಲಿ ಯಾಕಿಲ್ಲ? ಹನಿ ಮೂಡಿಸುವ ಲೇಪ ಬಾಳಿಕೆ ಬರುವುದಿಲ್ಲ. ಮತ್ತೆ ಗೋಡೆ, ನೋಡಿ! ಆವಿಯಲ್ಲಿ ಗಾಳಿ ಸೇರಿದರೆ ಆಗುವ ನಷ್ಟದ ಬಗ್ಗೆ ಮೂರು ಸ್ಲೈಡು ತಂದಿದ್ದೆ, ದಾಟಿಸುತ್ತೇನೆ.

ಸರಿ, ಪ್ರಶ್ನೆ ಕೇಳಿ. ತಾಮ್ರದ ತಟ್ಟೆಯವರು ಯಾರಾದರೂ ಇದ್ದರೆ ಮೊದಲು ಅವರೇ.