ಅವರೆಕಾಯಿ ಸುಲಿಯೋಕೆ ಮಕ್ಕಳನ್ನೂ ಕರೆಯಿರಿ

ನಮಸ್ಕಾರ ಕೇಳುಗರೇ. ಚಿಕ್ಕಬಳ್ಳಾಪುರದ ಸಂತೆಯಲ್ಲಿ ಈಗ ಎಲ್ಲಿ ನೋಡಿದರೂ ಅವರೆಕಾಯಿ ರಾಶಿ. ಸಂಜೆ ಮನೆಮಂದಿಯೆಲ್ಲ ಕಾಯಿ ಸುಲಿಯುತ್ತಾ ಕೂರುತ್ತೇವೆ. ಮಕ್ಕಳನ್ನು ಮಾತ್ರ "ಹೋಗು, ಓದ್ಕೋ ಹೋಗು" ಅಂತ ಎಬ್ಬಿಸುತ್ತೇವೆ. ಈ ಸಲ ಎಬ್ಬಿಸಬೇಡಿ, ಓದು ಇಲ್ಲೂ ಇದೆ. ಹುಡುಗರನ್ನೂ ಕೂರಿಸಿಕೊಳ್ಳಿ, ಹೆಣ್ಣುಮಕ್ಕಳನ್ನಷ್ಟೇ ಅಲ್ಲ.

ಎರಡು ಕೆ.ಜಿ. ಕಾಯಿ ತಂದಿದ್ದೀರಿ ಅಂತಿಟ್ಟುಕೊಳ್ಳಿ. ಸುಲಿದ ಕಾಳನ್ನು ಮಗುವೇ ತೂಗಲಿ. ಕಾಯಿಯ ಬೆಲೆ ಗೊತ್ತಿದೆ. ಹಾಗಾದರೆ ಕಾಳು ಕೆ.ಜಿ.ಗೆ ಎಷ್ಟು ಬಿತ್ತು? ಸಂತೆಯಲ್ಲಿ ಸುಲಿದ ಕಾಳಿಗೆ ಹೇಳುವ ಬೆಲೆ ಜಾಸ್ತಿಯೋ, ಸರಿಯೋ? ಲೆಕ್ಕ ಎಂದರೆ ಮುಖ ತಿರುಗಿಸುವ ಮಗುವೂ ಇದಕ್ಕೆ ಬಾಯಿ ಹಾಕುತ್ತದೆ.

ರಾತ್ರಿ ಕಾಳು ನೆನೆಹಾಕಿ. ಬೆಳಿಗ್ಗೆ ಹಿತುಕಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ. ಕಾಳು ನೀರು ಕುಡಿದು ಉಬ್ಬಿದೆ, ಅದಕ್ಕೇ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಇದರ ಉಲ್ಟಾ, ನೀರು ಹೊರಗೆ ಬರುತ್ತದೆ. ಎರಡರಲ್ಲೂ ನಡೆಯುವುದು ಅಭಿಸರಣ, ಅಂದರೆ ತೆಳು ಪೊರೆಯ ಮೂಲಕ ನೀರು ಉಪ್ಪು, ಸಕ್ಕರೆಯಂಥವು ಹೆಚ್ಚಿರುವ ಕಡೆಗೆ ಹರಿಯುವುದು. ಈ ಪದವನ್ನು ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳಿಗೆ ಮನೆಯ ಉಪ್ಪಿನಕಾಯಿ ಜಾಡಿ ನೆನಪಾಗುವುದೇ ಇಲ್ಲ.

ಬೇಯಿಸುವಾಗ ನಂದಿಬೆಟ್ಟದ ಮಾತು ತೆಗೆಯಿರಿ. ಅದರ ಎತ್ತರ 1,478 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಕೊಟ್ಟರೂ ಬಿಸಿ ಅದಕ್ಕಿಂತ ಏರುವುದಿಲ್ಲ. ಹಾಗಾಗಿ ಬರೀ ಪಾತ್ರೆಯಲ್ಲಿಟ್ಟ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಕುಕ್ಕರಿನಲ್ಲಿ ಆವಿ ಒಳಗೇ ಉಳಿದು ಒತ್ತಡ ಏರುತ್ತದೆ, ಬಿಸಿ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಕುಕ್ಕರ್ ಮುಚ್ಚಳ ಮಾತ್ರ ದೊಡ್ಡವರೇ ತೆಗೆಯಿರಿ.

ಖಾರ ರುಬ್ಬುವಾಗ ಇನ್ನೊಂದು ಪ್ರಶ್ನೆ. ಮೆಣಸಿನಕಾಯಿ, ಟೊಮೆಟೊ ಎರಡೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಬರುವ ಮುಂಚೆ ನಮ್ಮವರ ಸಾರಿಗೆ ಖಾರ ಎಲ್ಲಿಂದ ಬರುತ್ತಿತ್ತು? ಹೆಚ್ಚಾಗಿ ಕಾಳುಮೆಣಸಿನಿಂದ. ಅದನ್ನು ಹುಡುಕಿಕೊಂಡು ಬಂದ ಪೋರ್ಚುಗೀಸರೇ ನಮಗೆ ಮೆಣಸಿನಕಾಯಿ ತಂದುಕೊಟ್ಟರು. ತಮಾಷೆಯಾಗಿದೆ, ಅಲ್ವಾ?

ಇದೆಲ್ಲ ಒಂದೇ ದಿನ ಕೇಳಬೇಡಿ. ಮಗು ಎದ್ದು ಓಡುತ್ತದೆ.

ಸಾರು ಇಳಿಸಿದ ಮೇಲೆ, ಮಾಡಿದ್ದನ್ನು ಕನ್ನಡದಲ್ಲಿ ಬರೆಯಲಿ. "ಉಪ್ಪು ರುಚಿಗೆ ತಕ್ಕಷ್ಟು" ಅಂತ ಬರೆದರೆ ಒಪ್ಪಬೇಡಿ. ಎಷ್ಟು ಚಮಚ, ಯಾವಾಗ ಹಾಕಬೇಕು, ಎಲ್ಲ ಬರಲಿ. ಆ ಚೀಟಿ ನೋಡಿಕೊಂಡು ಪಕ್ಕದ ಮನೆಯ ಅಕ್ಕ ಸಾರು ಮಾಡಲಿ. ರುಚಿ ಕೆಟ್ಟರೆ, ಬರೆಯುವಾಗ ಏನು ಬಿಟ್ಟೆ ಅಂತ ಮಗುವೇ ಹುಡುಕುತ್ತದೆ. ನಮಸ್ಕಾರ.