ಹಿಟ್ಟು, ಇಟ್ಟು, ಅರೀನಾ

ಎಲ್ಲರಿಗೂ ನಮಸ್ಕಾರ.

ಸಂಘದಿಂದ ಫೋನ್ ಮಾಡಿದವರು "ಸ್ಪ್ಯಾನಿಷ್ ಕಲಿತಿದ್ದೀರಂತೆ, ಅದರ ಬಗ್ಗೆ ಅರ್ಧ ಗಂಟೆ ಮಾತಾಡಿ" ಅಂದರು. ಕಲಿತಿಲ್ಲ, ಕಲಿಯೋಕೆ ಕೂತಿದ್ದೇನೆ ಅಷ್ಟೆ. 16 ವಾರಗಳ ಒಂದು ಸೆಮಿಸ್ಟರ್ ಮುಗಿದಿದೆ. ವರ್ತಮಾನಕಾಲ ಒಂದು ಮಟ್ಟಿಗೆ ಬರುತ್ತದೆ, ಭೂತಕಾಲದ ಪಾಠ ಎರಡನೇ ಸೆಮಿಸ್ಟರಿಗೆ. ಹಾಗಾಗಿ ಸ್ಪ್ಯಾನಿಷ್‌ನಲ್ಲಿ ನನಗಿನ್ನೂ ನಿನ್ನೆ ಅನ್ನುವುದೇ ಇಲ್ಲ. ಇಷ್ಟರಲ್ಲೇ ಮೈಕ್ ಹಿಡಿದ ಧೈರ್ಯವನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕಾಲೇಜು ಸೇರಿದ್ದು ಅಕೌಂಟಿಂಗ್ ಓದೋಕೆ, 43ನೇ ವಯಸ್ಸಿನಲ್ಲಿ. ಜೊತೆಗೆ ಒಂದು ಪರಭಾಷೆಯ ಕ್ರೆಡಿಟ್ ಬೇಕು ಅಂದರು. "ನನಗೆ ಕನ್ನಡ ಬರುತ್ತೆ, ಅದು ಆಗಲ್ವಾ?" ಅಂತ ಕೇಳಿದೆ. ಅವರ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಫ್ರೆಂಚ್ ಇತ್ತು, ಜರ್ಮನ್ ಇತ್ತು, ಸ್ಪ್ಯಾನಿಷ್ ಇತ್ತು. ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದುಕೊಂಡು ಸ್ಪ್ಯಾನಿಷ್ ಬಿಟ್ಟು ಬೇರೆ ಆರಿಸಿದರೆ ಕಾವೇರಿ ದಂಡೆಯಲ್ಲಿ ಕೂತು ಬಾಟಲಿ ನೀರು ಕೊಂಡ ಹಾಗೆ. ಈ ಟೆಕ್ಸಸ್ 1821ರವರೆಗೆ ಸ್ಪೇನಿನದು, ಆಮೇಲೆ 1836ರವರೆಗೆ ಮೆಕ್ಸಿಕೊದ್ದು. ನಾವು ದಿನಾ ಕಾರು ಓಡಿಸುವ ಬೀದಿಯ ಹೆಸರು ಗ್ವಾದಲೂಪೆ. ಊರಿನವರು ಬಾಲ ಕತ್ತರಿಸಿ ‘ಗ್ವಾಡಲೂಪ್’ ಮಾಡಿಟ್ಟಿದ್ದಾರೆ. ಹನ್ನೊಂದು ವರ್ಷ ನಾನೂ ಹಾಗೇ ಅಂದುಕೊಂಡು ಓಡಾಡಿದೆ.

ತರಗತಿಯಲ್ಲಿ ಎಲ್ಲರೂ ನನ್ನ ಮಗನ ವಾರಿಗೆಯವರು. ಟೀಚರ್ ಕೊಲಂಬಿಯಾದ ಬೊಗೊತಾದವರು. ಮೊದಲ ವಾರ ಉಚ್ಚಾರಣೆ. ಅಲ್ಲಿ ನಾನೇ ರಾಣಿ. ಸ್ಪ್ಯಾನಿಷ್‌ನವರ ತ, ದ ನಮ್ಮ ತಟ್ಟೆಯ ತ, ದನದ ದ. ನಾಲಿಗೆ ಹಲ್ಲಿಗೆ ತಾಗಿದರೆ ಮುಗಿಯಿತು. ಪಕ್ಕದ ಹುಡುಗ ‘ತಾಕೊ’ ಅನ್ನೋಕೆ ಹೋಗಿ ‘ಠಾಕೊ’ ಅಂತ ಗಾಳಿ ಊದುತ್ತಿದ್ದ. ಟೀಚರ್ ನನ್ನನ್ನು ಎಬ್ಬಿಸಿ ಮತ್ತೆ ಮತ್ತೆ ಹೇಳಿಸಿದರು. ಜೀವಮಾನದಲ್ಲಿ ಉಚ್ಚಾರಣೆಗೆ ನನ್ನನ್ನು ಹೊಗಳಿದವರು ಅವರೊಬ್ಬರೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೂರನೇ ವಾರ ಬಿದ್ದೆ. ‘ನನಗೆ ಕಾಫಿ ಇಷ್ಟ’ ಅಂತ ಹೇಳಬೇಕಿತ್ತು. ತಲೆಯಲ್ಲಿ ‘ಐ ಲೈಕ್ ಕಾಫಿ’ ಅಂದುಕೊಂಡು, ಒಂದೊಂದೇ ಪದ ತಿರುಗಿಸಿ, ‘ಯೋ ಗುಸ್ತೊ ಕಫೆ’ ಅಂದೆ. ಟೀಚರ್ ನಕ್ಕರು. ‘ಯೋ ಗುಸ್ತೊ’ ಅಂದರೆ ನಾನೇ ಇನ್ಯಾರಿಗೋ ಇಷ್ಟವಾಗುತ್ತೇನೆ ಅಂತಂತೆ. ಸರಿಯಾದದ್ದು ‘ಮೆ ಗುಸ್ತಾ ಎಲ್ ಕಫೆ’. ಪುಸ್ತಕ ಇದಕ್ಕೆ ಎರಡು ಪುಟ ವಿವರಣೆ ಕೊಟ್ಟಿತ್ತು: ಈ ವಾಕ್ಯ ತಲೆಕೆಳಗು, ಇಷ್ಟಪಡುವವನು ಇಲ್ಲಿ ಕರ್ತೃ ಅಲ್ಲ, ಹೆದರಬೇಡಿ, ಅಭ್ಯಾಸವಾಗುತ್ತದೆ.

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ‘ಮೆ’ ಅಂದರೆ ‘ನನಗೆ’. ‘ನನಗೆ ಇಷ್ಟ ಕಾಫಿ’. ಎಲ್ಲಿಯ ತಲೆಕೆಳಗು? ‘ಹಾಡು ಇಷ್ಟವಾಗುತ್ತದೆ’, ‘ಹಾಡುಗಳು ಇಷ್ಟವಾಗುತ್ತವೆ’ ಅಂತ ನಮ್ಮಲ್ಲಿ ಕ್ರಿಯಾಪದ ಹಾಡಿನ ಹಿಂದೆ ಹೋಗುತ್ತದಲ್ಲ, ಅಲ್ಲೂ ಹಾಗೇ: ಒಂದಾದರೆ ‘ಗುಸ್ತಾ’, ಹಲವಾದರೆ ‘ಗುಸ್ತಾನ್’. ತಲೆನೋವಿಗೂ ಅದೇ: ‘ಮೆ ದುಯೆಲೆ ಲಾ ಕಬೆಸಾ’, ನನಗೆ ತಲೆ ನೋಯುತ್ತದೆ. ಕನ್ನಡದಿಂದ ನೇರ ದಾಟಬಹುದಾದ ಹೊಳೆಗೆ ನಾನು ಇಂಗ್ಲಿಷ್ ಎಂಬ ದಲ್ಲಾಳಿಯನ್ನು ಹಿಡಿದು, ಅವನಿಗೆ ಕಮಿಷನ್ ಕೊಟ್ಟು, ಸುತ್ತು ಬಳಸಿ ಹೋಗುತ್ತಿದ್ದೆ. ಮಾರನೇ ದಿನ ನೋಟ್‌ಬುಕ್ಕಿನಿಂದ ಇಂಗ್ಲಿಷ್ ಓಡಿಸಿದೆ. ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಕನ್ನಡ, ಉಚ್ಚಾರಣೆಯೂ ಕನ್ನಡ ಲಿಪಿಯಲ್ಲೇ.

ಸ್ಪ್ಯಾನಿಷ್‌ನಲ್ಲಿ ‘ಇರು’ ಅನ್ನುವುದಕ್ಕೆ ಎರಡು ಕ್ರಿಯಾಪದ, ‘ಸೆರ್’ ಮತ್ತು ‘ಎಸ್ತಾರ್’. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅಂತ ಪುಸ್ತಕದ ಸೂತ್ರ. ಆದರೆ ‘ಅವನು ಸತ್ತಿದ್ದಾನೆ’ ಅನ್ನೋಕೆ ‘ಎಸ್ತಾ ಮುಯೆರ್ತೊ’, ಅಂದರೆ ಎಸ್ತಾರ್! ಹಿಂದಿನ ಬೆಂಚಿನ ಹುಡುಗಿ ಕೇಳಿಯೇಬಿಟ್ಟಳು: ಸಾವು ತಾತ್ಕಾಲಿಕವೇ? ನನಗೆ ಮಾತ್ರ ಆ ಪ್ರಶ್ನೆ ಬರಲಿಲ್ಲ. ‘ಸತ್ತಿದ್ದಾನೆ’ಯಲ್ಲಿ ‘ಇದ್ದಾನೆ’ ಕೂತಿದೆಯಲ್ಲ. ‘ನಾನು ಮೇಷ್ಟ್ರು’ ಅನ್ನುವಾಗ ನಾವು ಕ್ರಿಯಾಪದ ಹಾಕುವುದೇ ಇಲ್ಲ, ಅಲ್ಲಿ ಸೆರ್. ‘ಮನೆಯಲ್ಲಿದ್ದೇನೆ’, ‘ಸುಸ್ತಾಗಿದ್ದೇನೆ’ ಅನ್ನುವ ಕಡೆ ಎಸ್ತಾರ್. ಎಲ್ಲ ಕಡೆಯೂ ನಡೆಯುವುದಿಲ್ಲ, ಆದರೆ ಪುಸ್ತಕದ ಸೂತ್ರಕ್ಕಿಂತ ಹೆಚ್ಚು ಸಲ ಕೈಹಿಡಿಯಿತು. ಇದನ್ನು ಮರೆತ ಒಂದು ದಿನ ತರಗತಿಯಲ್ಲಿ ‘ಸೋಯ್ ಅಬುರ್ರಿದಾ’ ಅಂದೆ. ಬೋರಾಗಿದ್ದೇನೆ ಅನ್ನಬೇಕಿತ್ತು; ನಾನೇ ಒಬ್ಬ ಬೋರು ಹೆಂಗಸು ಅಂದಂತಾಯಿತು. ಯಾರೂ ಅಲ್ಲಗಳೆಯಲಿಲ್ಲ.

ನೀನು, ನೀವು ವಿಚಾರದಲ್ಲಿ ನನ್ನದೇ ಮುಜುಗರ. ಅಮೆರಿಕದ ಮಕ್ಕಳು ಟೀಚರನ್ನು ಸಲೀಸಾಗಿ ‘ತೂ’ ಅನ್ನುತ್ತಿದ್ದರು. ಏಕವಚನ. ನನ್ನ ನಾಲಿಗೆ ಏಳಲಿಲ್ಲ, ‘ಉಸ್ತೆದ್’ ಅಂತಲೇ ಉಳಿದೆ. ಅದರ ಮೂಲ ‘ವುಯೆಸ್ತ್ರಾ ಮೆರ್ಸೆದ್’, ಹೆಚ್ಚುಕಡಿಮೆ ‘ತಮ್ಮ ಕೃಪೆ’ ಅಂತ. ಟೀಚರಿಗೆ ಖುಷಿಯಾಯಿತು. ಬೊಗೊತಾದ ಕಡೆ ಮನೆಯೊಳಗೂ ಉಸ್ತೆದ್ ನಡೆಯುತ್ತದಂತೆ, ಅವರ ತಾಯಿ ಅವರನ್ನು ಹಾಗೇ ಕರೆಯುವುದಂತೆ.

ಈಗ ಉಚ್ಚಾರಣೆಯ ಕಥೆ. ನಾನು ಮಂಡ್ಯ ಜಿಲ್ಲೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಹಸು ‘ಅಸು’, ಹಾಲು ‘ಆಲು’, ರಾತ್ರಿ ಊಟಕ್ಕೆ ‘ಇಟ್ಟು’. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಎಲ್ಲರೆದುರು ನಿಲ್ಲಿಸಿ "ಹಾಲು ಅನ್ನು" ಅಂತ ಹತ್ತು ಸಲ ಹೇಳಿಸಿದ್ದರು. ಆ ನಾಚಿಕೆ ಬೆಂಗಳೂರಿಗೂ ಬಂತು, ಸಮುದ್ರ ದಾಟಿ ಇಲ್ಲಿಗೂ ಬಂತು. ಇವತ್ತಿಗೂ ನಿಮ್ಮಂಥವರ ಎದುರು ಮಾತಾಡುವಾಗ ಹಕಾರ ಬಂದರೆ ನನ್ನ ಕಿವಿ ಎಚ್ಚರವಾಗುತ್ತದೆ.

ಅಡುಗೆಮನೆಯ ಪಾಠದಲ್ಲಿ ‘ಅರೀನಾ’ ಅನ್ನುವ ಪದ ಬಂತು. ಹಿಟ್ಟು. ಇಲ್ಲಿನ ಅಂಗಡಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಪ್ಯಾಕೆಟ್ ಮೇಲೆ ಇರುತ್ತದಲ್ಲ, ನಾನು ‘ಹರೀನಾ’ ಅಂತ ಓದುತ್ತಿದ್ದೆ. ಸ್ಪ್ಯಾನಿಷ್‌ನಲ್ಲಿ ಎಚ್ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ನಮಸ್ಕಾರ ಅನ್ನುವ ‘ಓಲಾ’ದಲ್ಲೂ ಇಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಟೀಚರ್ ಬೋರ್ಡಿನ ಮೇಲೆ ಬರೆದರು: ಲ್ಯಾಟಿನ್‌ನಲ್ಲಿ ‘ಫರೀನಾ’, ಹಳೆಯ ಸ್ಪ್ಯಾನಿಷ್‌ನಲ್ಲಿ ‘ಹರೀನಾ’, ಈಗ ‘ಅರೀನಾ’. ಹೊಗೆಗೆ ಲ್ಯಾಟಿನ್‌ನಲ್ಲಿ ‘ಫೂಮುಸ್’, ಆಮೇಲೆ ‘ಹೂಮೊ’, ಈಗ ‘ಊಮೊ’.

ನಾನು ಪೆನ್ನು ಕೆಳಗಿಟ್ಟೆ. ಹಳಗನ್ನಡದ ಪಿಟ್ಟು, ನಡುವೆ ಹಿಟ್ಟು, ನಮ್ಮಮ್ಮನ ಬಾಯಲ್ಲಿ ಇಟ್ಟು. ಪೊಗೆ, ಹೊಗೆ, ಒಗೆ. ಪದಗಳ ಅರ್ಥವೂ ಅವೇ! ತುಟಿಯಲ್ಲಿ ಹುಟ್ಟಿದ ಅಕ್ಷರ ಗಂಟಲಿಗೆ ಸರಿದು, ಅಲ್ಲಿಂದ ಗಾಳಿಯಲ್ಲಿ ಕರಗಿದ ಹಾದಿ ಎರಡೂ ಕಡೆ ಒಂದೇ. ವ್ಯತ್ಯಾಸ ಇಷ್ಟೆ: ಅವರಲ್ಲಿ ಎಚ್ ನುಂಗುವುದೇ ಶಿಷ್ಟ. ಸ್ಪೇನಿನ ದಕ್ಷಿಣಕ್ಕೆ ಆಂದಲೂಸಿಯಾದ ಕೆಲವು ಹಳ್ಳಿಗಳಲ್ಲಿ ಇನ್ನೂ ಹಕಾರ ಉಳಿಸಿಕೊಂಡವರಿದ್ದಾರೆ, ಅವರನ್ನು ಹಳ್ಳಿ ಗಮಾರರು ಅಂತ ಆಡಿಕೊಳ್ಳುತ್ತಾರಂತೆ. ಅಲ್ಲಿ ಹ ಅಂದರೆ ಗಮಾರ, ಇಲ್ಲಿ ಹ ಅನ್ನದಿದ್ದರೆ ಗಮಾರ. ಆ ರಾತ್ರಿ ಊರಿಗೆ ಫೋನ್ ಮಾಡಿ "ಏನವ್ವಾ ಅಡುಗೆ?" ಅಂದೆ. "ಇಟ್ಟು, ಉಪ್ಪೆಸ್ರು" ಅಂದಳು. ಇನ್ನೊಂದು ಸಲ ಹೇಳಿಸಿಕೊಂಡೆ.

ಇನ್ನು ಸೋತ ಕಥೆ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ‘ಓ’ ಕೊನೆಯಾದರೆ ಗಂಡು, ‘ಆ’ ಆದರೆ ಹೆಣ್ಣು ಅಂತ ನೆಮ್ಮದಿಯಾಗಿರೋಣ ಅಂದರೆ, ಕೈ ಅನ್ನುವ ‘ಮಾನೊ’ ಹೆಣ್ಣು, ದಿನ ಅನ್ನುವ ‘ದೀಆ’ ಗಂಡು. ಹಿಂದಿಯಲ್ಲಿ ರೈಲು ಬರ್ತಾನೋ ಬರ್ತಾಳೋ ಅಂತ ಒದ್ದಾಡಿದವರು ನಾವು. ಕನ್ನಡದ ಲಿಂಗ ಅರ್ಥ ನೋಡಿ ನಡೆಯುತ್ತದೆ. ಕುರ್ಚಿಗೆ ಗಂಡು ಹೆಣ್ಣಿನ ರಗಳೆ ಇಲ್ಲ. ಇಲ್ಲಿ ಕನ್ನಡ ಕೈಕೊಟ್ಟಿತು. ಆ ಕಿರುಪರೀಕ್ಷೆಯಲ್ಲಿ ನೂರಕ್ಕೆ 58. ಉಪಾಯವೇನೂ ಸಿಗಲಿಲ್ಲ, ಬಾಯಿಪಾಠ ಮಾಡಿದೆ.

ನಮ್ಮ ಮನೆಯವರು ಹುಬ್ಬಳ್ಳಿಯವರು. ನನ್ನ ಪಾಠ ಕೇಳಿಸಿಕೊಂಡು ನಗುತ್ತಿದ್ದವರು ಒಂದು ಸಂಜೆ ಎದ್ದು ಕೂತರು. ಹಣ ಕೊಡುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಪಗಾರ್’. "ಅದು ನಮ್ಮ ಪಗಾರ!" ಅಂದರು. ಹೌದು, ಪೋರ್ಚುಗೀಸರು ಬಿಟ್ಟುಹೋದದ್ದು. ಚಾವಿಯೂ ಆ ದಾರಿಯಲ್ಲೇ ಬಂತು. ಅಲ್ಲಿಂದಾಚೆಗೆ ಅವರೂ ಪಾಠಕ್ಕೆ ಕಿವಿಗೊಡತೊಡಗಿದರು.

ಕೊನೆಯ ವಾರ ಮೌಖಿಕ ಪರೀಕ್ಷೆ. ಹತ್ತು ನಿಮಿಷ, ಟೀಚರ್ ಕೋಣೆಯಲ್ಲಿ. ನನ್ನ ಊರು, ಮನೆ, ಊಟ ಎಲ್ಲ ಹೇಳಿದೆ, ಎರಡು ಕಡೆ ಲಿಂಗ ತಪ್ಪಿತು. ಮುಗಿದ ಮೇಲೆ ಅವರು ನನ್ನ ನೋಟ್‌ಬುಕ್ ಎಳೆದುಕೊಂಡು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದರು. "ನಮ್ಮ ಇದನ್ನು ಹೇಗೆ ಬರೆಯುತ್ತೀರಿ?" ಅಂತ ಒಂದು ಅಕ್ಷರ ಗೀಚಿದರು: ಎನ್, ಅದರ ನೆತ್ತಿಯ ಮೇಲೊಂದು ಪುಟ್ಟ ಅಲೆ. ನಾಳೆ ಅನ್ನೋಕೆ ‘ಮಾಞಾನಾ’ ಅನ್ನುತ್ತಾರಲ್ಲ, ಆ ಧ್ವನಿ.

ಚ ಛ ಜ ಝ ಆದಮೇಲೆ ಬರುವ ಅಕ್ಷರ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದೆ, ಆಮೇಲೆ ಬಿಡಿಯಾಗಿ ಎಲ್ಲೂ ಬೇಕಾಗಿರಲಿಲ್ಲ. ಅದರ ಸುರುಳಿ ಮೊದಲು ಯಾವ ಕಡೆಗೆ ಅನ್ನುವುದೇ ಒಂದು ಗಳಿಗೆ ಮರೆತುಹೋಗಿತ್ತು. ನಿಧಾನಕ್ಕೆ ಬರೆದೆ: ಞ. ಅವರು ಪೆನ್ನು ತೆಗೆದುಕೊಂಡು ಅದರ ಕೆಳಗೇ ತಿದ್ದತೊಡಗಿದರು.