ಒಂದೇ ಗಾಳಿ, ಎರಡು ಚಳಿಗಾಲ: ಜಪಾನಿನ ನವೆಂಬರ್–ಡಿಸೆಂಬರ್

[ಪರದೆ ಮೇಲೆ: ಜಪಾನಿನ ನಕ್ಷೆ. ಎರಡು ಚುಕ್ಕಿ. ಪೂರ್ವ ಕರಾವಳಿಯಲ್ಲಿ ಟೋಕಿಯೊ, ಪಶ್ಚಿಮ ಕರಾವಳಿಯಲ್ಲಿ ಕನಜಾವಾ]

"ಡಿಸೆಂಬರ್‌ನಲ್ಲಿ ಜಪಾನಿಗೆ ಹೊರಟಿದ್ದೀವಿ, ಚಳಿ ಎಷ್ಟಿರುತ್ತೆ?" ಈ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿಸುತ್ತೆ. ಟೋಕಿಯೊದಲ್ಲಿ ಡಿಸೆಂಬರ್ ತಿಂಗಳ ಸರಾಸರಿ ಉಷ್ಣಾಂಶ 7.7 ಡಿಗ್ರಿ. ಕನಜಾವಾದಲ್ಲಿ ಅದಕ್ಕಿಂತ ಹೆಚ್ಚು ಕಡಿಮೆ ಒಂದು ಡಿಗ್ರಿ ಕೆಳಗೆ, ಅಷ್ಟೇ. ಈಗ ಆಕಾಶದಿಂದ ಬೀಳೋದರ ಲೆಕ್ಕ ನೋಡಿ. ಟೋಕಿಯೊದಲ್ಲಿ ಇಡೀ ತಿಂಗಳಿಗೆ 58 ಮಿ.ಮೀ. ಕನಜಾವಾದಲ್ಲಿ ಸುಮಾರು 300 ಮಿ.ಮೀ. ಬಿಸಿಲು ಟೋಕಿಯೊದಲ್ಲಿ 170 ಗಂಟೆ, ಕನಜಾವಾದಲ್ಲಿ 70ರ ಆಸುಪಾಸು.

ಎರಡೂ ಊರಿಗೆ ನೇರ ಗೆರೆ ಎಳೆದರೆ 300 ಕಿ.ಮೀ. ಬೆಂಗಳೂರಿಂದ ಮಂಗಳೂರಿಗೆ ಇರುವಷ್ಟೇ ದೂರ. ಹಾಗಾಗಿ ಚಳಿ ಎಷ್ಟು ಅಂತ ಕೇಳೋದಕ್ಕಿಂತ ಮೊದಲು, ನೀವು ಹೋಗೋದು ಬೆಟ್ಟದ ಯಾವ ಮಗ್ಗುಲಿಗೆ ಅಂತ ನೋಡಿಕೊಳ್ಳಬೇಕು.

[ಗ್ರಾಫಿಕ್: ಸೈಬೀರಿಯಾ ಮೇಲೆ ‘ಅಧಿಕ’, ಜಪಾನಿನ ಪೂರ್ವಕ್ಕೆ ಸಾಗರದ ಮೇಲೆ ‘ಕಡಿಮೆ’. ನಡುವೆ ಉದ್ದುದ್ದ ಗೆರೆಗಳು]

ಅಕ್ಟೋಬರ್ ಕಳೆಯುತ್ತಿದ್ದ ಹಾಗೆ ಸೈಬೀರಿಯಾದ ನೆಲ ಬೇಗ ತಣಿಯುತ್ತೆ. ಹಗಲು ಚಿಕ್ಕದು, ಬಿಸಿಲು ಓರೆ, ನೆಲದ ತುಂಬ ಹಿಮ. ಅದರ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೂತುಬಿಡುತ್ತೆ. ಚಳಿಗಾಲ ಬಲಿತಾಗ ಅಲ್ಲಿನ ಒತ್ತಡ 1050 ಹೆಕ್ಟೊಪಾಸ್ಕಲ್ ದಾಟೋದುಂಟು. ಆ ಕಡೆ ಪೆಸಿಫಿಕ್ ಮೇಲೆ ವಾಯುಭಾರ ಕುಸಿತ. ಜಪಾನಿನ ಹವಾಮಾನ ವರದಿಯಲ್ಲಿ ಇದಕ್ಕೆ ‘ಸೇಕೋ-ತೋತೇ’ ಅಂತಾರೆ: ಪಶ್ಚಿಮದಲ್ಲಿ ಎತ್ತರ, ಪೂರ್ವದಲ್ಲಿ ತಗ್ಗು. ನಕ್ಷೆಯಲ್ಲಿ ಸಮಭಾರ ರೇಖೆಗಳು, ಅಂದರೆ ಒಂದೇ ಒತ್ತಡ ಇರುವ ಜಾಗಗಳನ್ನು ಕೂಡಿಸುವ ಗೆರೆಗಳು, ಸೀರೆ ನೆರಿಗೆಯ ಹಾಗೆ ಉತ್ತರ-ದಕ್ಷಿಣವಾಗಿ ಸಾಲಾಗಿ ನಿಲ್ಲುತ್ತವೆ. ನೆರಿಗೆ ಒತ್ತೊತ್ತಾಗಿದ್ದರೆ ಗಾಳಿ ಜೋರು.

ಈ ವಾಯವ್ಯದ ಗಾಳಿ ಹೊರಡುವಾಗ ಒಣಗಾಳಿಯೇ. ಆದರೆ ದಾರಿಯಲ್ಲಿ ಜಪಾನ್ ಸಮುದ್ರ ಇದೆ. ತ್ಸುಶಿಮಾ ಅನ್ನುವ ಬೆಚ್ಚನೆ ಪ್ರವಾಹ ದಕ್ಷಿಣದಿಂದ ಹರಿದು ಬರೋದರಿಂದ, ಜಪಾನಿನ ಕಡೆಯ ನೀರು ಡಿಸೆಂಬರ್‌ನಲ್ಲೂ 10 ಡಿಗ್ರಿಗಿಂತ ಮೇಲೆ ಇರುತ್ತೆ. ಅದರ ಮೇಲೆ ಸೊನ್ನೆಗಿಂತ ಎಷ್ಟೋ ಕೆಳಗಿನ ಗಾಳಿ ಹಾಯುತ್ತೆ. ಮಾಗಿ ಬೆಳಗಿನಲ್ಲಿ ಬಚ್ಚಲಮನೆ ಹಂಡೆಯಿಂದ ಹಬೆ ಏಳುತ್ತಲ್ಲ, ಅದೇ ಇಲ್ಲಿ ಸಮುದ್ರದಷ್ಟು ಅಗಲದಲ್ಲಿ ನಡೆಯುತ್ತೆ.

[ದೃಶ್ಯ: ಉಪಗ್ರಹ ಚಿತ್ರ. ಸಮುದ್ರದ ಮೇಲೆ ಬಾಚಣಿಗೆ ಎಳೆದಂಥ ಬಿಳಿ ಗೀರುಗಳು. ರಷ್ಯಾ ಕರಾವಳಿ ಮತ್ತು ಮೊದಲ ಮೋಡದ ನಡುವಿನ ಖಾಲಿ ಜಾಗಕ್ಕೆ ವೃತ್ತ]

ಈ ಖಾಲಿ ಜಾಗ ನೋಡಿಟ್ಟುಕೊಳ್ಳಿ. ಗಾಳಿ ತೀರ ಬಿಟ್ಟ ಮೇಲೆ ಮೋಡ ಕಟ್ಟುವಷ್ಟು ಹಬೆ ಹೀರಲು ಇಷ್ಟು ದೂರ ಬೇಕಾಯಿತು ಅಂತ ಅರ್ಥ. ಜಾಗ ಕಿರಿದಾದಷ್ಟೂ ಗಾಳಿ ಹೆಚ್ಚು ತಣ್ಣಗಿದೆ, ಹಿಮ ಹೆಚ್ಚು ಬೀಳುತ್ತೆ. ಇದರ ಜೊತೆಗೆ ಎರಡು ಸಂಖ್ಯೆ. ಸುಮಾರು 1,500 ಮೀಟರ್ ಎತ್ತರದಲ್ಲಿ ಉಷ್ಣಾಂಶ ಮೈನಸ್ 6ಕ್ಕೆ ಇಳಿದರೆ ಬಯಲಿನ ಊರುಗಳಲ್ಲೂ ಮಳೆ ಬದಲು ಹಿಮ. ಸುಮಾರು 5,500 ಮೀಟರ್ ಮೇಲೆ ಮೈನಸ್ 36 ಇದ್ದರೆ ಭಾರೀ ಹಿಮಪಾತಕ್ಕೆ ಸಿದ್ಧರಾಗಿ. ಜಪಾನಿನ ಟಿವಿಯಲ್ಲಿ ಈ ಎರಡು ಗೆರೆಗಳನ್ನು ತೋರಿಸ್ತಾರೆ. ಭಾಷೆ ಬರದಿದ್ದರೂ ಸಂಖ್ಯೆ ಓದಬಹುದು.

ಮುಂದಿನದು ನಮಗೆ ಹೇಳಿಕೊಡಬೇಕಾಗಿಲ್ಲ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ, ಚಳ್ಳಕೆರೆಗೆ 500ರ ಆಸುಪಾಸು. ಅದೇ ಮೋಡ, ನಡುವೆ ಘಟ್ಟ. ಜಪಾನಿನ ಮುಖ್ಯ ದ್ವೀಪ ಹೊನ್ಶೂಗೂ ಅಂಥದ್ದೇ ಬೆನ್ನೆಲುಬು ಇದೆ. ಮೋಡ ಪಶ್ಚಿಮದ ಇಳಿಜಾರಿನಲ್ಲಿ ಹಿಮವಾಗಿ ಖಾಲಿಯಾಗಿ, ಪೂರ್ವಕ್ಕೆ ಬರೀ ಒಣಗಾಳಿ ಇಳಿಯುತ್ತೆ. ನಮ್ಮದು ಜೂನ್‌ನಲ್ಲಿ ಮಳೆಯಾಗಿ ನಡೆದರೆ, ಅವರದು ಡಿಸೆಂಬರ್‌ನಲ್ಲಿ ಹಿಮವಾಗಿ ನಡೆಯುತ್ತೆ.

[ಪರದೆ ಮೇಲೆ: ಕೊಗರಾಶಿ ನಂಬರ್ ಒಂದು]

ಇದು ಶುರುವಾಗೋದು ಯಾವಾಗ? ಜಪಾನ್ ಹವಾಮಾನ ಸಂಸ್ಥೆ ವರ್ಷದ ಮೊದಲ ‘ಕೊಗರಾಶಿ’ಯನ್ನು, ಅಂದರೆ ಎಲೆ ಉದುರಿಸುವ ಗಾಳಿಯನ್ನು ಅಧಿಕೃತವಾಗಿ ಪ್ರಕಟಿಸುತ್ತೆ. ಅದೂ ಎರಡೇ ಕಡೆಗೆ: ಟೋಕಿಯೊ ಮತ್ತು ಒಸಾಕಾ ಸುತ್ತಿನ ಕಿಂಕಿ. ಟೋಕಿಯೊದ ಲೆಕ್ಕ ಹೀಗೆ: ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯೊಳಗೆ, ಚಳಿಗಾಲದ ಒತ್ತಡದ ವಿನ್ಯಾಸ ಇದ್ದಾಗ, ವಾಯವ್ಯ-ಉತ್ತರದ ಕಡೆಯಿಂದ ಸೆಕೆಂಡಿಗೆ 8 ಮೀಟರ್ ಅಥವಾ ಮೇಲ್ಪಟ್ಟ ಗಾಳಿ ಬೀಸಬೇಕು. ಈ ಷರತ್ತು ಕೂಡಿಬರದೆ ಪ್ರಕಟಣೆಯೇ ಇಲ್ಲದೆ ಹೋದ ವರ್ಷಗಳೂ ಇವೆ.

ಆದರೆ ಒಂದೇ ಸಲ ಬಂದು ಕೂರುವ ಚಳಿ ಇದಲ್ಲ. ಎರಡು ದಿನ ಕೊರೆದು, ಆಮೇಲೆ ನಾಲ್ಕು ದಿನ ಎಳೆಬಿಸಿಲು. ಈ ಬೆಚ್ಚನೆ ದಿನಗಳಿಗೆ ‘ಕೊಹರು-ಬಿಯೊರಿ’ ಅನ್ನೋ ಹೆಸರಿದೆ, ಪುಟ್ಟ ವಸಂತದ ದಿನ ಅಂತ. ಹೆಸರು ವಸಂತದ್ದು, ಕಾಲ ಮಾತ್ರ ಚಳಿಗಾಲದ ಆರಂಭ. ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗೋದು ನವೆಂಬರ್ ಉತ್ತರಾರ್ಧದಲ್ಲಿ, ಈ ದಿನಗಳಲ್ಲೇ. ಆರಂಭ ತಡವಾಗುವುದೂ ಉಂಟು. ಫುಜಿ ಶಿಖರದ ಮೊದಲ ಹಿಮವನ್ನು ಕೊಫು ಊರಿನ ಹವಾಮಾನ ಕಚೇರಿಯಿಂದ ಕಣ್ಣಲ್ಲಿ ನೋಡಿ ದಾಖಲಿಸ್ತಾರೆ. ವಾಡಿಕೆ ಅಕ್ಟೋಬರ್ 2. 2024ರಲ್ಲಿ ಅದು ಕಂಡದ್ದು ನವೆಂಬರ್ 7ಕ್ಕೆ; 1894ರಲ್ಲಿ ದಾಖಲೆ ಶುರುವಾದ ಮೇಲೆ ಅಷ್ಟು ತಡವಾದದ್ದೇ ಇಲ್ಲ.

[ದೃಶ್ಯ: ಕನಜಾವಾದ ಕೆನ್ರೊಕು-ಎನ್ ತೋಟ. ಪೈನ್ ಮರದ ಮೇಲೆ ಕೊಡೆಯ ಕಡ್ಡಿಗಳಂತೆ ಇಳಿಬಿಟ್ಟ ಹಗ್ಗಗಳು]

ಈಗ ಹಿಮದ ಮಗ್ಗುಲಿಗೆ ಬನ್ನಿ. ಈ ತೋಟದಲ್ಲಿ ಪ್ರತಿ ನವೆಂಬರ್ 1ಕ್ಕೆ ಮರಗಳಿಗೆ ಹಗ್ಗ ಕಟ್ಟಲು ಶುರು ಮಾಡ್ತಾರೆ. ‘ಕರಸಾಕಿ’ ಅನ್ನೋ ಒಂದೇ ಪೈನ್ ಮರಕ್ಕೆ ಐದು ಕಂಬ, ಸುಮಾರು 800 ಹಗ್ಗ. ಕಂಬದ ತುದಿಯಿಂದ ಹಗ್ಗ ಇಳಿಸಿ ಒಂದೊಂದೇ ಕೊಂಬೆಯನ್ನು ಎತ್ತಿ ಕಟ್ಟೋದು. ಇದು ಅಲಂಕಾರ ಅಂದುಕೊಂಡವರೇ ಹೆಚ್ಚು. ಕನಜಾವಾದಲ್ಲಿ ಹಿಮ ಬೀಳೋದು ಸೊನ್ನೆ ಡಿಗ್ರಿಯ ಆಜುಬಾಜಿನಲ್ಲಿ. ಅರ್ಧ ಕರಗಿದ, ಒದ್ದೆ ಹತ್ತಿಯಂಥ ಹಿಮ. ಕೊಂಬೆಗೆ ಅಂಟಿಕೊಂಡು ಮೇಲಿಂದ ಮೇಲೆ ಕೂರುತ್ತೆ. ಹಗ್ಗ ಇಲ್ಲದಿದ್ದರೆ ಕೊಂಬೆ ಮುರಿಯುತ್ತೆ. ಉತ್ತರದ ಹೊಕ್ಕೈಡೊ ದ್ವೀಪದ ಸಪ್ಪೊರೊದಲ್ಲಿ ಹಿಮ ಒಣಹಿಟ್ಟಿನ ಹಾಗೆ, ಕೊಡವಿದರೆ ಉದುರುತ್ತೆ. ಹೆಚ್ಚು ಚಳಿಯ ಊರಿನ ಹಿಮ ಹಗುರ, ಕಡಿಮೆ ಚಳಿಯ ಊರಿನದು ಭಾರ.

ಇಲ್ಲಿ ಗುಡುಗು-ಸಿಡಿಲೂ ಚಳಿಗಾಲದ್ದೇ. ಜಪಾನಿನಲ್ಲಿ ವರ್ಷಕ್ಕೆ ಅತಿ ಹೆಚ್ಚು ದಿನ ಗುಡುಗುವ ಊರುಗಳಲ್ಲಿ ಕನಜಾವಾ ಮುಂದಿದೆ, ಸುಮಾರು 40 ದಿನ. ಹೆಚ್ಚಿನವು ಚಳಿಗಾಲದಲ್ಲಿ. ಬೇಸಿಗೆ ಮೋಡದ ಹಾಗೆ ಮುಗಿಲೆತ್ತರಕ್ಕೆ ಬೆಳೆಯದ, ಗಿಡ್ಡ ಮೋಡ ಇದು. ಗುಡುಗು ಸರಣಿಯಾಗಿ ಬರೋದಿಲ್ಲ, ಒಂದೇ ಒಂದು, ಆದರೆ ಎದೆ ನಡುಗಿಸುವಂಥದ್ದು. ಗಾಳಿಯಂತ್ರಗಳ ತುದಿಯಿಂದ ಮಿಂಚು ಮೇಲ್ಮುಖವಾಗಿ ಏಳೋದೂ ಈ ಕರಾವಳಿಯಲ್ಲಿ ಮಾಮೂಲು. ಮೀನುಗಾರರು ಈ ಗುಡುಗಿಗೆ ‘ಬುರಿ-ಒಕೊಶಿ’ ಅಂತಾರೆ, ಬುರಿ ಮೀನನ್ನು ಎಬ್ಬಿಸುವ ಗುಡುಗು. ಆ ಮೀನಿನ ಸುಗ್ಗಿಯೂ ಆಗಲೇ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಅನ್ನೋ ಮಾತು ಈ ಊರಿನದು. ಒಂದೇ ಬೆಳಗಿನಲ್ಲಿ ಬಿಸಿಲು, ಮಳೆ, ಸಣ್ಣ ಆಲಿಕಲ್ಲು, ಮತ್ತೆ ಬಿಸಿಲು.

ಇನ್ನೂ ಉತ್ತರಕ್ಕೆ, ನೀಗಾತಾದ ನಾಗಾಓಕಾದಲ್ಲಿ ರಸ್ತೆ ನಡುವೆ ಸಾಲು ನಳಿಕೆ. ಅಂತರ್ಜಲವನ್ನು ಚಿಮ್ಮಿಸಿ ಹಿಮ ಕರಗಿಸ್ತಾರೆ. ನೆಲದೊಳಗಿನ ನೀರು ಚಳಿಯಲ್ಲೂ 13–14 ಡಿಗ್ರಿ ಇರೋದರಿಂದ ಬೇರೆ ಬಿಸಿ ಬೇಕಿಲ್ಲ. ನೀರಿನಲ್ಲಿನ ಕಬ್ಬಿಣದಿಂದ ರಸ್ತೆಗಳೇ ತುಕ್ಕಿನ ಬಣ್ಣಕ್ಕೆ ತಿರುಗಿವೆ. ಇಂಥ ಊರಲ್ಲಿ ದಪ್ಪ ಜಾಕೆಟ್‌ಗಿಂತ ರಬ್ಬರ್ ಬೂಟು ಮುಖ್ಯ. ಕಾಲ ಕೆಳಗಿರೋದು ಬರ್ಫದ ಗಂಜಿ. ಬಟ್ಟೆ ಶೂ ಹತ್ತೇ ನಿಮಿಷಕ್ಕೆ ನೆನೆಯುತ್ತೆ.

[ಗ್ರಾಫಿಕ್: ಕೊರಿಯಾ ಗಡಿಯ ಪರ್ವತ. ಗಾಳಿ ಎರಡಾಗಿ ಸೀಳಿ, ಸಮುದ್ರದ ಮೇಲೆ ಮತ್ತೆ ಕೂಡುವ ಬಾಣಗಳು]

ಕೆಲವು ಸಲ ಹಿಮ ಒಂದೇ ಪಟ್ಟಿಯಲ್ಲಿ ಸುರಿಯುತ್ತೆ. ಚೀನಾ–ಉತ್ತರ ಕೊರಿಯಾ ಗಡಿಯಲ್ಲಿ 2,744 ಮೀಟರಿನ ಪೆಕ್ಟು ಪರ್ವತ ಇದೆ. ಹೊಳೆ ನಡುವಿನ ಬಂಡೆಗೆ ಬಡಿದ ನೀರು ಎರಡಾಗಿ, ಮುಂದೆ ಮತ್ತೆ ಸೇರುವ ಹಾಗೆ, ಗಾಳಿಯೂ ಸೀಳಿ ಸಮುದ್ರದ ಮೇಲೆ ಕೂಡುತ್ತೆ. ಕೂಡಿದ ಕಡೆ ಗಾಳಿಗೆ ಮೇಲೇಳುವುದು ಬಿಟ್ಟು ದಾರಿ ಇಲ್ಲ, ಮೋಡ ದಟ್ಟವಾಗುತ್ತೆ. ವರದಿಗಳಲ್ಲಿ ‘ಜೆ.ಪಿ.ಸಿ.ಝಡ್.’ ಅಂತ ಕಂಡರೆ ಇದೇ. ಈ ಪಟ್ಟಿ ಯಾವ ಊರಿಗೆ ತಾಕುತ್ತೋ ಅಲ್ಲಿ ಗಂಟೆಗಟ್ಟಲೆ ಬಿಡುವಿಲ್ಲ. ಪಕ್ಕದ ಊರಲ್ಲಿ ಬರೀ ತುಂತುರು.

2020ರ ಡಿಸೆಂಬರ್ 16ರ ಸಂಜೆಯಿಂದ ಕಾನ್-ಎತ್ಸು ಹೆದ್ದಾರಿಯ ನೀಗಾತಾ ಭಾಗದಲ್ಲಿ ಹಿಮದಲ್ಲಿ ಸಿಕ್ಕಿದ ದೊಡ್ಡ ವಾಹನದ ಹಿಂದೆ ಸುಮಾರು 2,100 ವಾಹನ ನಿಂತವು. ದಾರಿ ಬಿಡಿಸಲು ಎರಡು ದಿನ ಹಿಡಿಯಿತು. ಟೋಕಿಯೊ ಕಡೆಯಿಂದ ಒಣ ರಸ್ತೆಯಲ್ಲಿ ಬಂದು, ಸುಮಾರು 11 ಕಿ.ಮೀ. ಸುರಂಗ ದಾಟಿದರೆ ಹಿಮದ ನಾಡು. ಮೋಸ ಹೋಗೋದು ಇಲ್ಲೇ.

ಅದಕ್ಕೇ ಕಾರಿನ ವಿಷಯ ಬಿಡಿಸಿ ಹೇಳಬೇಕು. ಉಷ್ಣಾಂಶ 7 ಡಿಗ್ರಿಗಿಂತ ಇಳಿದರೆ ಸಾಮಾನ್ಯ ಟೈರಿನ ರಬ್ಬರ್ ಬಿರುಸಾಗುತ್ತೆ. ‘ಸ್ಟಡ್‌ಲೆಸ್’ ಅನ್ನೋ ಹಿಮದ ಟೈರ್ ಬೇಕು. ಬಾಡಿಗೆ ಕಾರಾದರೆ ಟೈರಿನ ಗೀರುಗಳನ್ನು ಬಗ್ಗಿ ನೋಡಿ: ಅರ್ಧ ಸವೆದರೆ ‘ಪ್ಲಾಟ್‌ಫಾರ್ಮ್’ ಅನ್ನೋ ದಿಬ್ಬ ಮೇಲೆ ಕಾಣುತ್ತೆ, ಆಮೇಲೆ ಅದು ಹಿಮಕ್ಕೆ ಕೆಲಸಕ್ಕೆ ಬಾರದು. ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ, ಸಮತಟ್ಟಾದ ಜಾಗದಲ್ಲಿ ಗೇರ್ ‘ಪಿ’ಯಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಎಳೆದರೆ ಹೆಪ್ಪುಗಟ್ಟಿ ಬೆಳಗ್ಗೆ ಬಿಡೋದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದರೆ ಮೊದಲು ಇಂಜಿನ್ ಆರಿಸಿ. ಸೈಲೆನ್ಸರ್ ಕೊಳವೆ ಹಿಮದಲ್ಲಿ ಮುಚ್ಚಿದ್ದರೆ ಹೊಗೆ ಕಾರಿನ ಕೆಳಗಿಂದ ಒಳಗೆ ಬರುತ್ತೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಚಳಿ ತಡೆಯಲಾಗದೆ ಇಂಜಿನ್ ಹಾಕಲೇಬೇಕಾದರೆ ಆಗಾಗ ಇಳಿದು ಕೊಳವೆಯ ಸುತ್ತ ಸಲಿಕೆಯಿಂದ ಬಿಡಿಸಿ. ಸಲಿಕೆ, ಕಂಬಳಿ, ನೀರು ಡಿಕ್ಕಿಯಲ್ಲಿಟ್ಟರೆ ಬಾಗಿಲು ಹೂತಾಗ ಸಿಗಲ್ಲ; ಹಿಂದಿನ ಸೀಟಿನಲ್ಲಿಡಿ.

[ದೃಶ್ಯ: ಟೋಕಿಯೊ. ತೊಳೆದಂಥ ನೀಲಿ ಆಕಾಶ, ದೂರದಲ್ಲಿ ಫುಜಿ]

ಟೋಕಿಯೊದಲ್ಲಿ ಇದ್ಯಾವುದೂ ಇಲ್ಲ. ದಿನಗಟ್ಟಲೆ ಸ್ವಚ್ಛ ಆಕಾಶ. ಹಿಮ ಬಿದ್ದರೂ ಸಾಮಾನ್ಯವಾಗಿ ಜನವರಿ ಮೇಲೆ, ಅದೂ ದಕ್ಷಿಣ ಕರಾವಳಿಯ ವಾಯುಭಾರ ಕುಸಿತದಿಂದ. ಬೆಂಗಳೂರಿಂದ ಹೋದವರಿಗೆ ಬೆಚ್ಚಿಬೀಳಿಸೋದು ಕತ್ತಲೆ: ಡಿಸೆಂಬರ್ ಮೊದಲ ವಾರ ಸೂರ್ಯ ಮುಳುಗೋದು 4:28ಕ್ಕೆ. ಇನ್ನೊಂದು ಕಾಟ ಒಣಹವೆ. ತುಟಿ, ಹಿಮ್ಮಡಿ ಒಡೆಯುತ್ತೆ. ಉಣ್ಣೆ ಮೇಲೆ ಪಾಲಿಯೆಸ್ಟರ್ ಹಾಕಿ ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಕಿಡಿ. ಉತ್ತರದ ಗುನ್ಮಾದಲ್ಲಿ ಬೆಟ್ಟದಿಂದ ಇಳಿಯುವ ಈ ಒಣಗಾಳಿಗೆ ‘ಕರಕ್ಕಜೆ’ ಅಂತಾನೇ ಹೆಸರು.

ಒಣಗಾಳಿ ಅಂದರೆ ಬೆಂಕಿ. ಗಾಳಿ ದಿಕ್ಕು ತಿರುಗಿದರೆ ಹಿಮದ ಮಗ್ಗುಲೂ ಸುಡುತ್ತೆ. 2016ರ ಡಿಸೆಂಬರ್ 22ರಂದು ಜಪಾನ್ ಸಮುದ್ರದ ಮೇಲೆ ವಾಯುಭಾರ ಕುಸಿತ ಇತ್ತು. ದಕ್ಷಿಣದ ಗಾಳಿ ಬೆಟ್ಟ ಹತ್ತಿ ಇಳಿದು, ಬೆಚ್ಚಗೆ ಒಣಗಿ, ನೀಗಾತಾದ ಇತೋಇಗಾವಾ ಊರಿನ ಮೇಲೆ ಜೋರಾಗಿ ಬೀಸಿತು. ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಮರದ ಮನೆಗಳ ಸಾಲು ಹಾರುತ್ತಾ ಹೋಗಿ 147 ಕಟ್ಟಡಗಳಿಗೆ ತಗುಲಿತು. ಯಾರೂ ಸಾಯಲಿಲ್ಲ.

ಮನೆ ಬಿಸಿಗೆ ಇಂದಿಗೂ ಸೀಮೆಎಣ್ಣೆ ಸ್ಟೋವ್ ಬಳಕೆಯಲ್ಲಿದೆ. ಎಣ್ಣೆ ತರೋದು 18 ಲೀಟರ್ ಕ್ಯಾನಿನಲ್ಲಿ, ಪೂರ್ವ ಜಪಾನಿನಲ್ಲಿ ಕೆಂಪು, ಪಶ್ಚಿಮದಲ್ಲಿ ನೀಲಿ. ಒಂದು ಲೀಟರ್ ಎಣ್ಣೆ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಕೋಣೆಗೆ ಸೇರುತ್ತೆ. ಬೆಳಗ್ಗೆ ಕಿಟಕಿಯ ಗಾಜಿನಲ್ಲಿ ಇಳಿಯುವ ನೀರು ಅದೇ. ಒರೆಸದಿದ್ದರೆ ಬೂಷ್ಟು ಹಿಡಿಯುತ್ತೆ. ಗಂಟೆಗೆ ಒಂದೆರಡು ಸಲ, ಕೆಲವು ನಿಮಿಷ ಎರಡು ಕಿಟಕಿ ತೆರೆಯಿರಿ. ಕಳೆದ ವರ್ಷದ ಉಳಿದ ಎಣ್ಣೆ ಹಾಕಬೇಡಿ, ಸ್ಟೋವ್ ಕೆಡುತ್ತೆ.

[ದೃಶ್ಯ: ಹೊಕ್ಕೈಡೊ, ಸಪ್ಪೊರೊ. ಕಾಲುದಾರಿಯ ಪಕ್ಕ ಮರಳು-ಜಲ್ಲಿಯ ಪೆಟ್ಟಿಗೆ]

ಹೊಕ್ಕೈಡೊ ಬೇರೆಯೇ ಲೆಕ್ಕ. ಸಪ್ಪೊರೊದಲ್ಲಿ ಡಿಸೆಂಬರ್ ಸರಾಸರಿ ಮೈನಸ್ 0.9. ಅಂದರೆ ಹಗಲು ಕರಗುತ್ತೆ, ರಾತ್ರಿ ಗಾಜಾಗುತ್ತೆ. ಸೊನ್ನೆಯ ಹತ್ತಿರದ ಬರ್ಫದ ಮೇಲೆ ತೆಳ್ಳಗೆ ನೀರಿರುತ್ತೆ, ಹಾಗಾಗಿ ಮೈನಸ್ 10ರ ಬರ್ಫಕ್ಕಿಂತ ಅದೇ ಹೆಚ್ಚು ಜಾರೋದು. ಹೆಜ್ಜೆ ಚಿಕ್ಕದಾಗಿ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗೆ. ಸಿಗ್ನಲ್ ಬಳಿಯ ಪೆಟ್ಟಿಗೆಯಲ್ಲಿ ಸಣ್ಣ ಜಲ್ಲಿ ಇರುತ್ತೆ, ಯಾರು ಬೇಕಾದರೂ ಎರಚಬಹುದು.

ಮನೆಯಲ್ಲಿ ನಲ್ಲಿ ಕೊಳವೆ. ಹೊರಗೆ ಮೈನಸ್ 4 ಮುಟ್ಟಿದರೆ ಹೆಪ್ಪುಗಟ್ಟುವ ಅಪಾಯ. ರಾತ್ರಿ ಕೊಳವೆಯ ನೀರು ಇಳಿಸುವ ಕವಾಟವನ್ನು, ಹೊರಗಿಂದ ನೀರು ಬರದ ಹಾಗೆ ಪೂರ್ತಿ ತಿರುಗಿಸಿ, ಆಮೇಲೆ ಎಲ್ಲ ನಲ್ಲಿ ತೆರೆಯಿರಿ, ಬಿಸಿನೀರಿನದೂ ಸೇರಿ. ನಲ್ಲಿ ತೆರೆಯದಿದ್ದರೆ ಗಾಳಿ ಒಳಗೆ ಹೋಗಲ್ಲ. ಸ್ಟ್ರಾ ಬಾಯಿಗೆ ಬೆರಳಿಟ್ಟ ಹಾಗೆ ನೀರು ಅಲ್ಲೇ ನಿಲ್ಲುತ್ತೆ, ಕೊಳವೆ ಒಡೆಯುತ್ತೆ. ಕವಾಟ ಅರ್ಧಕ್ಕೆ ನಿಂತರೆ ನೀರು ನೆಲದೊಳಗೆ ಸೋರುತ್ತಾ ಇರುತ್ತೆ, ಬಿಲ್ ಬಂದಾಗಲೇ ಗೊತ್ತಾಗೋದು. ಹೆಪ್ಪುಗಟ್ಟಿದ ಕೊಳವೆಗೆ ಕುದಿನೀರು ಬೇಡ. ಟವೆಲ್ ಸುತ್ತಿ ಉಗುರುಬೆಚ್ಚಗಿನ ನೀರು ನಿಧಾನಕ್ಕೆ ಹಾಕಿ.

ತೀರಾ ದಕ್ಷಿಣದ ಒಕಿನಾವಾಗೆ ಈ ಯಾವ ಮಾತೂ ಅನ್ವಯಿಸಲ್ಲ. ಅಲ್ಲಿನ ನಾಹಾ ನಗರದಲ್ಲಿ ಡಿಸೆಂಬರ್ ಸರಾಸರಿಯೇ 19 ಡಿಗ್ರಿ.

[ಪರದೆ ಮೇಲೆ: ಹೊರಡುವ ಹಿಂದಿನ ಸಂಜೆ]

ಟೋಕಿಯೊದಿಂದ ನೀಗಾತಾ ಕಡೆ ಹೊರಟಿದ್ದರೆ ಹಿಂದಿನ ಸಂಜೆ ಉಪಗ್ರಹ ಚಿತ್ರದ ಆ ಖಾಲಿ ಜಾಗ, 1,500 ಮೀಟರಿನ ಮೈನಸ್ 6 ಗೆರೆ, ಹೆದ್ದಾರಿ ಬಂದ್ ಆಗುವ ಸೂಚನೆ, ಈ ಮೂರನ್ನೂ ನೋಡಿ. ಜಾಗ ಕಿರಿದಾಗಿ ಗೆರೆ ಊರು ದಾಟಿ ದಕ್ಷಿಣಕ್ಕೆ ಇಳಿದಿದ್ದರೆ ಕಾರು ಬಿಟ್ಟು ಜೋಎತ್ಸು ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು ಹತ್ತಿ. ಹಿಮದ ಭಾಗದಲ್ಲಿ ಹಳಿಯ ಉದ್ದಕ್ಕೂ ಬೆಚ್ಚನೆ ನೀರು ಚಿಮ್ಮಿಸಿ ಕರಗಿಸ್ತಾ ಇರ್ತಾರೆ.